ಮೆನುವಿಗೆ ಸಾಬೂದಾನಾ ಖಿಚಡಿ ಸೇರಿದ ದಿನ

ಮೊದಲ ವರ್ಷ ಕಂಪ್ಯೂಟರಿನ ಸಿ ಭಾಷೆಯಲ್ಲಿ ಇಡೀ ಕ್ಲಾಸಿಗೇ ನಾನು ಮುಂದು. ಲೂಪು, ಅರೇ, ಪಾಯಿಂಟರು, ಏನು ಕೊಟ್ಟರೂ ಸರಾಗ. ಹಾಗಾಗಿ ಎರಡನೇ ವರ್ಷ ಮುಂಬಯಿಯ ವಿಲೆ ಪಾರ್ಲೆಯ ಕಾಲೇಜಿನಲ್ಲಿ ಜಾವಾ ಎಂಬ ಇನ್ನೊಂದು ಭಾಷೆ ಶುರುವಾದಾಗ ನನಗೆ ಸ್ವಲ್ಪ ಕೊಬ್ಬೇ ಇತ್ತು ಅನ್ನಿ. ಮೇಡಂ ಬೋರ್ಡಿನ ಮೇಲೆ ಡಬ್ಬಿ ಬರೆದು, ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ, ಅದೇ ಕ್ಲಾಸು, ಆಬ್ಜೆಕ್ಟು ಅನ್ನುವಾಗ, ಎಂತ ಮಾರಾಯ್ರೆ, ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೆಲ್ಲ ರಗಳೆ ಯಾಕೆ ಅನ್ನಿಸುತ್ತಿತ್ತು.

ಪ್ರಾಜೆಕ್ಟಿಗೆ ಇಬ್ಬಿಬ್ಬರ ಜೋಡಿ. ನನಗೆ ಸಿಕ್ಕಿದವಳು ಕಾಂದಿವಲಿಯ ಒಬ್ಬ ಮರಾಠಿ ಹುಡುಗಿ, ಇದೇ ಪೇಪರಿನಲ್ಲಿ ಒಮ್ಮೆ ಫೇಲಾದವಳು. ಈ ಸಲವೂ ಹೋದರೆ ಮನೆಯಲ್ಲಿ ಕಾಲೇಜು ಬಿಡಿಸುತ್ತಾರೆ ಅಂತ ಮೊದಲ ದಿನವೇ ಹೇಳಿದ್ದಳು. ನಾನಿದ್ದೇನಲ್ಲ, ಮಂಡೆಬಿಸಿ ಯಾಕೆ ಅಂತ ಧೈರ್ಯ ಕೊಟ್ಟೆ.

ನನ್ನ ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ಆದ್ದರಿಂದ ಹೋಟೆಲಿನ ಆರ್ಡರ್ ನೋಡಿಕೊಳ್ಳುವ ಪ್ರೋಗ್ರಾಂ ಆರಿಸಿದೆ. ಗಿರಾಕಿ ಕೇಳಿದ ತಿಂಡಿಯನ್ನು ಹೇಗೆ ಮಾಡಬೇಕೆಂದು ಅಡುಗೆಮನೆಗೆ ಅದು ಹೇಳಬೇಕು. ದೋಸೆಯಾದರೆ ಹೀಗೆ, ಇಡ್ಲಿಯಾದರೆ ಹಾಗೆ ಅಂತ ಎಲ್ಲವನ್ನೂ ಪ್ರೋಗ್ರಾಂ ಶುರುವಾಗುವ ಮೆಯಿನ್ ಎಂಬ ಒಂದೇ ಭಾಗದೊಳಗೆ ತುರುಕಿದೆ. ಅವಳು ಕೈ ಹಾಕಲು ಬಂದರೆ, "ಮುಟ್ಟಬೇಡ, ಹಾಳಾಗ್ತದೆ!"

ಮೇಡಂ ನೋಡಿ ನಕ್ಕರು. ಇದು ಸಿ, ಜಾವಾ ಅಲ್ಲ ಅಂದರು. ಮೇಲಿಂದ ಪರೀಕ್ಷೆಯ ಪದ್ಧತಿಯನ್ನೂ ಹೇಳಿದರು: ಬರೆದವಳನ್ನು ಹೊರಗೆ ಕೂರಿಸಿ, ಜೊತೆಗಾರ್ತಿಗೆ ಹೊಸದೊಂದು ತಿಂಡಿ ಸೇರಿಸಲು ಹೇಳುತ್ತಾರೆ. ಅವಳಿಗೆ ಆಗದಿದ್ದರೆ ಅವಳು ಫೇಲು.

ಅವತ್ತೇ ಅವಳನ್ನು ಕೂರಿಸಿ, ವಡೆ ಸೇರಿಸು ನೋಡುವ ಅಂದೆ. ಅವಳು ವಡೆ ಸೇರಿಸಿದಳು, ಇಡ್ಲಿ ಕೆಟ್ಟಿತು. ನಾನು ಬೊಬ್ಬೆ ಹೊಡೆದೆ. ಅವಳು ಕಣ್ಣೊರೆಸಿಕೊಂಡು, "ನಿನ್ನ ತಲೆಯೊಳಗೆ ಇರುವುದು ನನಗೆ ಹೇಗೆ ಗೊತ್ತಾಗಬೇಕು?" ಅಂತ ಹಿಂದಿಯಲ್ಲಿ ಕೇಳಿದಳು. ಸಿಟ್ಟು ಬಂದದ್ದು ನನಗೆ, ಸರಿ ಇದ್ದದ್ದು ಅವಳು.

ದೀಪಾವಳಿ ರಜೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಅಪ್ಪನ ಹೋಟೆಲಿನ ಮೂಲೆಯ ಟೇಬಲ್ ಹಿಡಿದೆ. ಊಟದ ರಶ್ ಇಳಿದಿತ್ತು. ಅಪ್ಪ ಗಲ್ಲಾದಿಂದಲೇ ಒಳಗಿನ ಭಟ್ಟರಿಗೆ ಕೂಗಿದರು, "ಒಂದು ಮಸಾಲೆ!" ಅಷ್ಟೇ. ಹಿಟ್ಟು ಎಷ್ಟು, ಬೆಂಕಿ ಎಷ್ಟು, ಒಂದೂ ಹೇಳಲಿಲ್ಲ. ತಾನಿಲ್ಲದಿದ್ದರೆ ಹೋಟೆಲೇ ನಿಲ್ಲುತ್ತದೆ ಅಂತ ಜಂಬ ಕೊಚ್ಚುವ ಮನುಷ್ಯ ತವಾದ ಹತ್ತಿರವೂ ಹೋಗಲಿಲ್ಲ! ನನ್ನ ಮೆಯಿನ್ ಮಾತ್ರ ಎಲ್ಲ ಒಲೆಗಳ ಮುಂದೆ ತಾನೇ ನಿಂತು ಬೇಯುತ್ತಿತ್ತು.

ಬರೆದದ್ದನ್ನೆಲ್ಲ ಅಳಿಸಿದೆ. ಹೊಟ್ಟೆ ಉರಿಯಿತು, ಆದರೂ ಅಳಿಸಿದೆ. ತಿಂಡಿ ಎಂಬ ಒಂದು ಕ್ಲಾಸು, ಅದಕ್ಕೆ 'ತಯಾರಾಗು' ಎಂಬ ಒಂದೇ ಆಜ್ಞೆ. ದೋಸೆಗೆ ತನ್ನದೇ ಕ್ಲಾಸು, ಇಡ್ಲಿಗೆ ತನ್ನದು. ಹೇಗೆ ತಯಾರಾಗಬೇಕೆಂಬುದು ಅದರದರ ಒಳಗೆ. ಹೊಸ ತಿಂಡಿ ಬಂದರೆ ಅದಕ್ಕೊಂದು ಕ್ಲಾಸು ಬರೆದು, ಮೆನು ಫೈಲಿನಲ್ಲಿ ಹೆಸರು ಸೇರಿಸಿದರೆ ಆಯಿತು, ಹಳೆಯದನ್ನು ಮುಟ್ಟುವುದೇ ಬೇಡ. ಈಗ ಹೇಳಲು ಸುಲಭ, ಆಗ ಎರರ್ ಮೇಲೆ ಎರರ್. ಅಪ್ಪ ಚಾ ತಂದಿಟ್ಟು, "ಸಾಕು ಮಗಾ, ಪಾಸಾಗುವಷ್ಟು ಉಂಟಲ್ಲ?" ಅಂದರು.

"ನಾನು ಹೇಗೂ ಪಾಸಾಗ್ತೇನೆ ಅಪ್ಪ. ಅವಳು ಆಗ್ಬೇಕಲ್ಲ?"

ಅಪ್ಪ ಗಲ್ಲಾಕ್ಕೆ ವಾಪಸಾದರು. ನಾನು ಅದು ಸರಿಯಾಗುವವರೆಗೆ ಬಿಡಲಿಲ್ಲ.

ಪರೀಕ್ಷೆಯ ದಿನ ನನ್ನನ್ನು ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಅವಳಿಗೆ ಹೇಳಿದ್ದು ಬಾಗಿಲ ಸಂದಿಯಿಂದ ಕೇಳಿಸಿತು: ಉಪವಾಸದವರಿಗೆ ಸಾಬೂದಾನಾ ಖಿಚಡಿ, ಅಂದರೆ ಸಬ್ಬಕ್ಕಿಯದು, ಸೇರಿಸಿ. ಅಯ್ಯೋ ದೇವರೆ, ಉಪವಾಸದ ತಿಂಡಿಯ ಯೋಚನೆಯನ್ನೇ ನಾನು ಮಾಡಿರಲಿಲ್ಲ! ಗಾಜಿನಾಚೆ ಅವಳು ಟೈಪ್ ಮಾಡಿದಳು, ನಿಲ್ಲಿಸಿದಳು, ಉಗುರು ಕಚ್ಚಿದಳು, ಮತ್ತೆ ಟೈಪ್ ಮಾಡಿದಳು. ಒಳಗೆ ನುಗ್ಗಿ ಕೀಬೋರ್ಡ್ ಕಿತ್ತುಕೊಳ್ಳಲು ನನ್ನ ಕೈ ತುರಿಸುತ್ತಿತ್ತು. ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತೆ.

ಅವಳು ಹೊರಗೆ ಬಂದು, "ಪಾಸ್!" ಅಂತ ನನ್ನ ಕುತ್ತಿಗೆಗೆ ಜೋತುಬಿದ್ದಳು.

"ಇಡ್ಲಿ? ದೋಸೆ? ನಾನು ಬರೆದದ್ದೆಲ್ಲ ಸರಿಯಾಗಿ ಉಂಟಾ?"

"ನನಗೇನು ಗೊತ್ತು?" ಅಂದಳು. "ನಿನ್ನದನ್ನು ನಾನು ತೆರೆದು ನೋಡಲೇ ಇಲ್ಲ."

ನನ್ನ ಕೋಡನ್ನು ಅಲ್ಲಿಯವರೆಗೆ ಯಾರೂ ಅಷ್ಟು ಹೊಗಳಿರಲಿಲ್ಲ.