ಆಯಿಲ್ ಲೈಫ್ ಮೂರು ಪರ್ಸೆಂಟ್

ತರೀಕೆರೆ ಬಿಟ್ಟು ಏಳೆಂಟು ಕಿಲೋಮೀಟರ್ ಬಂದಿರಬೇಕು, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಸ್ಪ್ಯಾನರ್ ಗುರುತು ಹೊತ್ತಿಕೊಂಡಿತು. ಅದರ ಪಕ್ಕ ಇಂಗ್ಲಿಷಿನಲ್ಲಿ, ಆಯಿಲ್ ಲೈಫ್ 3%.

ಎಂಜಿನ್ ಆಯಿಲ್ ಬದಲಾಯಿಸಿಕೊಂಡು ಬಂದು ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ.

ಪಕ್ಕದ ಸೀಟಿನಲ್ಲಿ ನನ್ನ ಯಜಮಾನರ ಅಕ್ಕ, ಶಾರದಕ್ಕ. ಡಯಾಲಿಸಿಸ್ ಮುಗಿಸಿ, ಕೈಗೆ ಪಟ್ಟಿ ಸುತ್ತಿಸಿಕೊಂಡು, ಕಣ್ಣು ಮುಚ್ಚಿ ಒರಗಿದ್ದರು.

ವಾರಕ್ಕೆ ಎರಡು ಸಲ ಅವರನ್ನು ಅಜ್ಜಂಪುರದಿಂದ ತರೀಕೆರೆಗೆ ಕರೆದುಕೊಂಡು ಹೋಗಿ ಬರುತ್ತೇನೆ. ಮುಗಿದ ಮೇಲೆ ಬಸ್ಸಿಗೆ ಕಾಯುವ ಶಕ್ತಿ ಅವರಲ್ಲಿ ಉಳಿದಿರುವುದಿಲ್ಲ. ಅದಕ್ಕಾಗಿಯೇ ಕಡೂರಿನ ಮೇಷ್ಟ್ರೊಬ್ಬರಿಂದ ಈ ಹಳೇ ಕಾರನ್ನು ಕೊಂಡಿದ್ದು.

ಅದು ದಾರಿಯಲ್ಲಿ ನಿಂತುಬಿಟ್ಟರೆ ಅವರನ್ನು ಏನು ಮಾಡಲಿ... ಅದೊಂದೇ ಯೋಚನೆ.

ಆಯಿಲ್ ಇಲ್ಲದೆ ಓಡಿಸಿದರೆ ಎಂಜಿನ್ ಸೀಜ್ ಆಗುತ್ತದೆ, ಒಳಗೇ ಕಚ್ಚಿಕೊಂಡು ನಿಂತುಬಿಡುತ್ತದೆ ಅಂತ ಕೇಳಿದ್ದೆ. ಮೂರು ಪರ್ಸೆಂಟ್ ಅಂದರೆ ಪೆಟ್ರೋಲ್ ಟ್ಯಾಂಕಿನ ಹಾಗೆ, ತಳದಲ್ಲಿ ಇನ್ನು ಅಷ್ಟೇ ಉಳಿದಿದೆ ಅಂತ ನನ್ನ ಲೆಕ್ಕಾಚಾರ. ಒಂದು ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿ ಆಫ್ ಮಾಡಿದೆ.

ಆಗ ಮನಸ್ಸು ತರೀಕೆರೆಯಲ್ಲಿ ಆಯಿಲ್ ಬದಲಾಯಿಸಿದ್ದ ಮಂಜಣ್ಣನ ಗ್ಯಾರೇಜಿಗೆ ಓಡಿತು.

ಅಕ್ಕ ಆಸ್ಪತ್ರೆಯಲ್ಲಿದ್ದ ನಾಲ್ಕು ಗಂಟೆಯಲ್ಲೇ ಕೆಲಸ ಮುಗಿಯಲಿ ಅಂತ ಕಾರನ್ನು ಅಲ್ಲಿ ಬಿಟ್ಟಿದ್ದೆ. ಅರ್ಧ ಗಂಟೆಯಲ್ಲೇ ಆಯಿತು ಅಂದಿದ್ದರು. ಡಯಾಲಿಸಿಸ್ ಮುಗಿಯುವ ಹೊತ್ತಿಗೆ ನಾನು ಕಾರು ತೆಗೆದುಕೊಂಡು ಹೊರಡುವಾಗ ಹತ್ತಿರ ಬಂದು, ಮೀಟರ್ ಹಿಂದಕ್ಕೆ ತರಬೇಕು, ಐದು ನಿಮಿಷ ಇರಿ ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಹಳೇ ಕಾರು ಕೊಳ್ಳುವಾಗ ಎಲ್ಲರೂ ಹೇಳಿದ್ದು ಅದನ್ನೇ ಅಲ್ಲವೇ, ಕಡಿಮೆ ಓಡಿದೆ ಅಂತ ತೋರಿಸಲು ಮೀಟರ್ ಹಿಂದಕ್ಕೆ ತಿರುಗಿಸಿ ಮಾರುತ್ತಾರೆ, ಹುಷಾರು ಅಂತ. ಈ ಮನುಷ್ಯ ಅದನ್ನೇ ನನಗೂ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರಾ?

ಅಂಥದ್ದೆಲ್ಲ ನನಗೆ ಬೇಡ, ನಾನೇನು ಕಾರು ಮಾರಲು ಹೊರಟಿಲ್ಲ ಅಂತ ಸಿಡುಕಿ ಹೊರಟುಬಿಟ್ಟಿದ್ದೆ.

ಈಗ ಮರದ ಕೆಳಗೆ ಕೂತು ಅನುಮಾನವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದೆ. ಮೀಟರ್ ತಿರುಗಿಸುವವರು ಆಯಿಲ್ ಹಾಕಿರುತ್ತಾರಾ? ಹಳೇದನ್ನು ಇಳಿಸಿ ಹೊಸದನ್ನು ಹಾಕದೇ ಕಳಿಸಿದರಾ? ಪೂರ್ತಿ ನೋಡುತ್ತಾ ನಿಂತಿರಲಿಲ್ಲ ನಾನು, ಕಾಫಿಗೆ ಹೋಗಿದ್ದೆ.

ಕಾರು ನಿಂತಿದ್ದಕ್ಕೆ ಅಕ್ಕ ಕಣ್ಣು ಬಿಟ್ಟರು. ಹೇಳಿದೆ.

“ಕಡ್ಡಿ ಎಳ್ದು ನೋಡಿದ್ಯೇನೇ?”

ಯಾವ ಕಡ್ಡಿ?

ಅಕ್ಕನ ಮನೆಯವರು ಪಂಚನಹಳ್ಳಿಯಲ್ಲಿ ಬಹಳ ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಕರೆಂಟ್ ಹೋದಾಗ ಓಡಿಸಲು ಡೀಸೆಲ್ ಎಂಜಿನ್ ಇತ್ತಂತೆ, ಅದರ ಆಯಿಲ್ ನೋಡುವ ಕೆಲಸ ಅಕ್ಕನದೇ ಅಂತೆ. ಇಷ್ಟು ವರ್ಷದಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ.

ನಾನು ಬಾನೆಟ್ ತೆಗೆಯಲು ಹೋಗಿ ಪೆಟ್ರೋಲ್ ಮುಚ್ಚಳ ತೆಗೆದೆ. ಅಕ್ಕ ನಕ್ಕರು. ಡಯಾಲಿಸಿಸ್ ಆದ ದಿನ ಅವರು ನಗುವುದೇ ಅಪರೂಪ.

“ಇಷ್ಟೆಲ್ಲಾ ಇಂಗ್ಲಿಷ್ ಓದಿದೀಯ, ಮುಚ್ಳ ಯಾವ್ದು ಅಂತ ಬರ್ದಿಲ್ವೇನೇ ಅದ್ರಲ್ಲಿ?”

ಎಂಜಿನ್ ಸ್ವಲ್ಪ ಆರಲಿ, ಆಯಿಲ್ ಕೆಳಗಿಳಿಯಲಿ ಅಂತ ಹತ್ತು ನಿಮಿಷ ಕಾಯಿಸಿದರು. ಆಮೇಲೆ ಸೀಟಿನಲ್ಲಿ ಕೂತಲ್ಲಿಂದಲೇ ಹೇಳಿಕೊಟ್ಟರು. ಆಯಿಲ್ ಎಷ್ಟಿದೆ ಅಂತ ನೋಡುವ, ಹಳದಿ ಹಿಡಿ ಇರುವ ಉದ್ದನೆಯ ಕಡ್ಡಿ. ಎಳೆದೆ.

“ಹಂಗೇ ನೋಡ್ಬೇಡ. ಒರ್ಸಿ, ಮತ್ತೆ ಪೂರ್ತಿ ಹಾಕಿ ತೆಗಿ. ಮೊದ್ಲು ತೆಗ್ದಿದ್ದು ಸುಳ್ಳು ಹೇಳ್ತದೆ.”

ನನ್ನ ಕರ್ಚೀಫಿನಲ್ಲಿ ಒರೆಸಿ ಹಾಗೇ ಮಾಡಿದೆ. ಕಡ್ಡಿಯ ತುದಿಯಲ್ಲಿ ಎರಡು ಗುರುತು. ಆಯಿಲ್ ಮೇಲಿನ ಗುರುತಿಗೆ ತಾಗಿಕೊಂಡು ನಿಂತಿತ್ತು, ಜೇನಿನ ಬಣ್ಣದಲ್ಲಿ, ತಿಳಿಯಾಗಿ.

ಹೊಸ ಆಯಿಲ್. ಪೂರ್ತಿ ಇದೆ.

ಕಡ್ಡಿಯನ್ನು ಅಕ್ಕನಿಗೂ ತೋರಿಸಿ, ವಾಪಸ್ ಹಾಕಿ, ಮಂಜಣ್ಣನಿಗೆ ಫೋನ್ ಮಾಡಿದೆ.

“ಅದನ್ನೇ ಅಲ್ವಾ ಮೇಡಂ ನಾನು ಹೇಳಿದ್ದು, ಮೀಟರ್ ಹಿಂದಕ್ಕೆ ತರ್ಬೇಕು ಅಂತ. ನೀವು ಕಾರ್ ಮಾರಲ್ಲ ಅಂದ್ರಿ. ಆಯಿಲ್ ಬದ್ಲಾಯ್ಸಿದ್ರೆ ಕಾರ್ ಯಾಕ್ ಮಾರ್ಬೇಕು ಅಂತ ಆಗಿಂದ ಯೋಚ್ನೆ ಮಾಡ್ತಿದೀನಿ.”

ಅವರು ಹೇಳಿದ್ದು ಓಡಿದ ಕಿಲೋಮೀಟರಿನ ಮೀಟರ್ ಅಲ್ಲ, ಆಯಿಲ್‌ನದು!

ಕಾರಿಗೆ ಆಯಿಲ್ ಕಾಣುವುದೇ ಇಲ್ಲವಂತೆ. ಎಷ್ಟು ಓಡಿದೆ, ಎಂಜಿನ್ ಎಷ್ಟು ದುಡಿದಿದೆ, ಎಷ್ಟು ಬಿಸಿಯಾಗಿದೆ ಅನ್ನುವುದರ ಮೇಲೆ ಆಯಿಲ್ ಇನ್ನೆಷ್ಟು ದಿನ ಬಾಳೀತು ಅಂತ ಅಂದಾಜು ಕಟ್ಟುತ್ತದೆ, ಅಷ್ಟೇ. ಹೊಸದು ಹಾಕಿದ್ದೇವೆ ಅಂತ ನಾವೇ ಹೇಳದಿದ್ದರೆ ಹಳೆಯದನ್ನೇ ಎಣಿಸುತ್ತಾ ಹೋಗುತ್ತದೆ. ಹಾಕದೇ ಹಾಕಿದ್ದೇವೆ ಅಂದರೆ ಅದನ್ನೂ ನಂಬುತ್ತದೆ.

ಕೆಂಪಗೆ ಆಯಿಲ್ ಕ್ಯಾನಿನ ಚಿತ್ರ ಬಂದರೆ ಮಾತ್ರ ತಕ್ಷಣ ನಿಲ್ಲಿಸಿ ಆಫ್ ಮಾಡಬೇಕು, ಈ ಹಳದಿಗೆ ಅಷ್ಟು ಹೆದರಬೇಡಿ ಅಂದರು.

ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿಸಿ, ಒಂದು ಬಟನ್ ಒತ್ತಿ ಹಿಡಿಯಲು ಹೇಳಿದರು. (ಬೇರೆ ಕಾರುಗಳಲ್ಲಿ ಬೇರೆ ಥರ ಇರುತ್ತದಂತೆ.) ಸ್ಪ್ಯಾನರ್ ಎರಡು ಸಲ ಮಿನುಗಿ ಮಾಯವಾಯಿತು. 100%.

ನಾನು ಏನಂದುಕೊಂಡಿದ್ದೆ, ಡಯಾಲಿಸಿಸ್ ಆದ ಅಕ್ಕನನ್ನು ಕೂರಿಸಿಕೊಂಡು ಎಷ್ಟು ಹೆದರಿದ್ದೆ ಅನ್ನುವುದನ್ನು ಮಂಜಣ್ಣನಿಗೆ ಹೇಳಿ ಕ್ಷಮೆ ಕೇಳಿದೆ. ಅವರು, ಆ ಅಮ್ಮನ್ನ ಮೊದ್ಲು ಮನೆ ಸೇರಿಸಿ ಮೇಡಂ ಅಂದರು.

ಅಜ್ಜಂಪುರ ಮುಟ್ಟುವವರೆಗೂ ಅಕ್ಕ ನೆಮ್ಮದಿಯಾಗಿ ನಿದ್ದೆ ಮಾಡಿದರು. ನನ್ನ ಕಣ್ಣು ಮಾತ್ರ ಆಗಾಗ ಡ್ಯಾಶ್‌ಬೋರ್ಡಿಗೆ ಹೋಗುತ್ತಲೇ ಇತ್ತು.

‘ಹಾಗಂದರೇನು?’ ಅಂತ ಗ್ಯಾರೇಜಿನಲ್ಲೇ ಒಂದು ಮಾತು ಕೇಳಬಹುದಿತ್ತು... ಗೊತ್ತಿಲ್ಲದ ಕಡೆ ಅಷ್ಟು ಕೇಳುವುದಕ್ಕಿಂತ ಎದುರಿನವರನ್ನು ಅನುಮಾನಿಸುವುದು ನಮಗೆ ಯಾಕೆ ಸುಲಭ ಅನ್ನಿಸುತ್ತದೆ?