ಬಿದ್ದ ಮನೆಗಳ ಪ್ರಬಂಧಕಾರ

ನಮ್ಮ ಭಕ್ತಪುರದ ಓಣಿಯಲ್ಲಿ ಪೂರ್ಣಮಾನ ಸುವಾಲರು ಬೆಳಿಗ್ಗೆ ನಡೆಯಲು ಹೊರಟರೆಂದರೆ, ಭೂಕಂಪದಲ್ಲಿ ಬಿದ್ದುಹೋದ ಪ್ರತಿ ಮನೆಯ ಮುಂದೂ ನಿಂತು, ಇಲ್ಲದ ಬಾಗಿಲಿಗೆ ಹಣೆ ತಾಕದಂತೆ ಬಗ್ಗಿ, "ಊಟ ಆಯ್ತಾ?" ಎಂದು ಕೇಳುತ್ತಾರೆ, ಯಾರೋ ಉತ್ತರ ಕೊಟ್ಟಂತೆ ತಲೆಯಾಡಿಸಿ ಮುಂದೆ ಹೋಗುತ್ತಾರೆ. ನಲವತ್ತು ವರ್ಷಗಳಿಂದ ನೇಪಾಳಿಯಲ್ಲಿ ಪ್ರಬಂಧ ಬರೆಯುತ್ತಿರುವ ಇವರು ತಮ್ಮ ಮೂಗು, ಹರಿದ ಕೊಡೆ, ನಮ್ಮ ಮನೆಯ ಕೋಳಿ, ಯಾವುದನ್ನೂ ಬಿಟ್ಟವರಲ್ಲ. ಭೂಕಂಪದ ನಂತರ ಮಾತ್ರ ಶನಿವಾರದ ಪತ್ರಿಕೆಯಲ್ಲಿ ಆ ಮನೆಗಳ ಸುದ್ದಿಯೇ: ತೀರಿಹೋದ ಕುಂಬಾರಜ್ಜನ ಹಲ್ಲುನೋವು, ಅವನ ಸೊಸೆಯ ಮುನಿಸು. "ಬುರುಡೆ ಬಿಡೋಕೂ ಒಂದು ಮಿತಿ ಬೇಡ್ವಾ ದಾಜು?" ಎಂದು ನಾನು ಅಣ್ಣನೆಂಬ ಸಲಿಗೆಯಲ್ಲಿ ರೇಗಿಸಿದರೆ, "ನಂದೇನಿದೆಯೋ ತಮ್ಮ, ಕೇಳಿಸಿದ್ದನ್ನ ಬರ್ಕೊಳ್ತೀನಿ ಅಷ್ಟೆ" ಎನ್ನುತ್ತಾರೆ. ಆದರೆ ಆರು ವರ್ಷದ ಮಗಳು ಅಸ್ಮಿಯನ್ನು ಭೂಕಂಪದಲ್ಲಿ ಕಳೆದುಕೊಂಡ ನಮ್ಮ ಓಣಿಯ ನಾನಿಮಾಯಾ ಮಾತ್ರ ಸುವಾಲರ ಮಾತನ್ನು ಪೂರ್ತಿ ನಂಬಿದ್ದಾಳೆ. ಪ್ರತಿ ಶುಕ್ರವಾರ ಮಣ್ಣಿನ ಕುಡಿಕೆಯಲ್ಲಿ ಮೊಸರು ತಂದಿಟ್ಟು, "ಈ ವಾರ ಏನ್ ಮಾಡಿದ್ಲು?" ಎಂದು ಕೇಳುತ್ತಾಳೆ. ಹಲ್ಲು ಬಿತ್ತು, ಮಗ್ಗಿ ಕಲಿತಳು, ಫ್ರಾಕು ಗಿಡ್ಡವಾಯಿತು ಎಂದು ಅವರು ಓದಿ ಹೇಳುತ್ತಾರೆ. ಆಕೆ ಹೋಗಿ ಉದ್ದದ ಫ್ರಾಕು ಹೊಲಿಸುತ್ತಾಳೆ. ಹೋದ ಶುಕ್ರವಾರ ನಾನು ಹೋದಾಗ ಅವರ ಹಾಳೆ ಖಾಲಿಯಿತ್ತು. "ಅಮ್ಮ ಯಾವಾಗ ಬರ್ತಾಳೆ, ಪಕ್ಕದಲ್ಲಿ ಜಾಗ ಹಿಡಿದಿಟ್ಟಿದೀನಿ ಅಂತ ಅಸ್ಮಿ ಕೇಳ್ತಿದಾಳೆ ಕಣೋ," ಎಂದರು ಪಿಸುದನಿಯಲ್ಲಿ. "ಅದನ್ನ ಹೇಗೆ ಬರೀಲಿ?" ಅಷ್ಟರಲ್ಲಿ ನಾನಿಮಾಯಾ ಮೆಟ್ಟಿಲು ಹತ್ತಿ ಬಂದಳು. ಅವರು ಹಾಳೆ ಮಡಚಿದರು. "ಈ ವಾರ ಏನೂ ಕೇಳಿಸ್ಲಿಲ್ಲ ತಂಗಿ." ಆಕೆ ಹೊಸ ಸೀರೆ ಉಟ್ಟಿದ್ದಳು, ಮುಖ ತಿಳಿಯಾಗಿತ್ತು. "ಇರ್ಲಿ ಬಿಡಿ ದಾಜು," ಎಂದಳು. "ನಂಗೂ ಕೇಳಿಸ್ತು."