ಕಾಗೆ ಮುಟ್ಟದ ಎಲೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ಅವನೂ ಹೊನ್ನಾವರದಲ್ಲಿ ಒಂದೇ ಮನೆಯಲ್ಲಿದ್ದೆವು, ಮದುವೆಯಾಗದೆ. ನನ್ನ ಕೆಲಸ ಕುಮಟೆಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ, ಅವನದು ಭಟ್ಕಳ ಬಂದರದಲ್ಲಿ ಬೋಟಿನ ಎಂಜಿನ್ ರಿಪೇರಿ. ಹೊನ್ನಾವರ ಎರಡಕ್ಕೂ ನಡುವೆ. ಅಲ್ಲಿ ನಮ್ಮಿಬ್ಬರನ್ನೂ ಬಲ್ಲವರಿರಲಿಲ್ಲ. ಈಗ ಯಾರಾದರೂ ಅದನ್ನು ಧೈರ್ಯ ಎಂದರೆ ನನಗೆ ನಗು ಬರುತ್ತದೆ. ಧೈರ್ಯವಿದ್ದಿದ್ದರೆ ಅಷ್ಟೊಂದು ಸುಳ್ಳು ಹೇಳುತ್ತಿದ್ದೆವೇ?

ಕರಿಮಣಿಯೇ ಸುಳ್ಳು. ಭಟ್ಕಳ ಪೇಟೆಯಿಂದ ಅವನು ಕೊಂಡು ತಂದ ರೋಲ್ಡ್ ಗೋಲ್ಡಿನ ಸರ. ಬೆಳಿಗ್ಗೆ ಕುಮಟೆ ಬಸ್ಸು ಹತ್ತಿದ ಮೇಲೆ ಅದನ್ನು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದೆ, ಏಕೆಂದರೆ ಲ್ಯಾಬಿನಲ್ಲಿ ನಾನು ಮದುವೆಯಾಗದವಳು. ಸಂಜೆ ಹೊನ್ನಾವರ ಬರುವ ಮೊದಲು ಮತ್ತೆ ಕೊರಳಿಗೆ. ಮನೆಯ ಓನರಮ್ಮ ಗಂಡ ತೀರಿಹೋದ ಮೇಲೆ ಹಿಂದಿನ ಎರಡು ಕೋಣೆ ನಮಗೆ ಬಿಟ್ಟು, ಮುಂದಿನ ಭಾಗದಲ್ಲಿ ಒಬ್ಬರೇ ಇದ್ದರು. ನಿಮ್ಮ ಮನೆಗೆ ನೆಂಟರೇ ಬರುವುದಿಲ್ಲವಲ್ಲ ಎಂದು ಅವರು ಒಮ್ಮೆ ಕೇಳಿದಾಗ, "ಅವರಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಮ್ಮಾ" ಅಂದುಬಿಟ್ಟೆ. ಅಂದಿನಿಂದ ಬಸಳೆ ಹುಳಿ ಮಾಡಿದ ದಿನ ಅವನ ಹೆಸರಿನಲ್ಲಿ ಒಂದು ಪಾತ್ರೆ ತಪ್ಪದೆ ನಮ್ಮ ಬಾಗಿಲಿಗೆ ಬರತೊಡಗಿತು. ಅವನ ತಾಯಿ, ಇಬ್ಬರು ಅಣ್ಣಂದಿರು ಭಟ್ಕಳದ ಹತ್ತಿರದ ಮಾವಳ್ಳಿಯಲ್ಲಿ ಗಟ್ಟಿಮುಟ್ಟಾಗಿದ್ದರು.

ಅವನನ್ನು ಬಿಟ್ಟದ್ದಕ್ಕೆ ದೊಡ್ಡ ಕಾರಣ ಕೇಳಬೇಡಿ. ಮದುವೆಯ ಮಾತು ತೆಗೆದಾಗಲೆಲ್ಲ ಅವನು "ಮಳೆಗಾಲ ಕಳೀಲಿ" ಅನ್ನುತ್ತಿದ್ದ. ಬೋಟುಗಳೆಲ್ಲ ದಡದಲ್ಲಿರುವಾಗ ಅವನಿಗೆ ಕೆಲಸ ಜಾಸ್ತಿ, ಅದು ನಿಜ. ಎರಡು ಮಳೆಗಾಲ ಕಳೆಯಿತು. ಮೂರನೆಯದು ಬರುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಅವನು ಬಂಗಡೆ ಕೊಯ್ಯುತ್ತಿದ್ದಾಗ, "ನಾನು ಕುಮಟೆಯಲ್ಲಿ ರೂಮು ನೋಡಿದೆ. ಇನ್ನು ಫೋನು ಬ್ಯಾಡ, ಕಾಗದ ಬ್ಯಾಡ, ಯಾರ ಹತ್ರನೂ ಹೇಳಿ ಕಳಿಸೂದು ಬ್ಯಾಡ" ಅಂದೆ.

ಅವನು ತಲೆ ಎತ್ತದೆ, "ಆತು" ಅಂದ.

ಆಮೇಲೆ ಮೀನು ತೊಳೆದು, ಮಸಾಲೆ ಹಚ್ಚಿ ಹುರಿದು ಇಬ್ಬರೂ ಉಂಡೆವು. ಚೆನ್ನಾಗಿಯೇ ಇತ್ತು. ಆ ವಾರವೇ ಅವನು ಭಟ್ಕಳಕ್ಕೇ ಇರಲು ಹೋದ. ಓನರಮ್ಮನಿಗೆ, "ಅವರಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತು" ಎಂದೆ. ಭಟ್ಕಳದಲ್ಲಿ ದುಡಿಯುವ ಗಂಡಸು ಗಲ್ಫಿಗೆ ಹೋದ ಎಂದರೆ ನಮ್ಮ ಕಡೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ತಿಂಗಳ ಕೊನೆಗೆ ನಾನೂ ಮನೆ ಬಿಟ್ಟೆ.

ಕುಮಟೆಯ ರೂಮಿನಲ್ಲಿ ನನಗೆ ಏನೂ ಅನ್ನಿಸಲಿಲ್ಲ. ಅಳು ಬರಬಹುದು ಎಂದು ಕೆಲವು ದಿನ ಕಾದೆ, ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಕೊಟ್ಟ ಮೇಲೆ ದವಡೆ ಇರುತ್ತದಲ್ಲ, ಹಾಗಿದ್ದೆ. ಆದರೆ ಲ್ಯಾಬಿನ ಫೋನು ಹೊಡೆದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ನಾನೇ ಮೊದಲು ಎತ್ತುತ್ತಿದ್ದೆ. ಆ ನಂಬರು ಅವನ ಹತ್ತಿರ ಇತ್ತು. ಷರತ್ತು ಹಾಕಿದವಳು ನಾನು. ಅದನ್ನು ಅವನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ ಎಂದು ಸಿಟ್ಟಾದವಳೂ ನಾನೇ. ಹೀಗೆ ಎರಡು ವರ್ಷ.

ಒಂದು ದಿನ ಓನರಮ್ಮ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ನಮ್ಮ ಲ್ಯಾಬಿಗೇ ಬಂದರು. ಸೂಜಿ ಚುಚ್ಚಲು ನಾನು ಬಗ್ಗಿದಾಗ ಅವರ ಕಣ್ಣು ನನ್ನ ಬರಿಗೊರಳ ಮೇಲೆ ಬಿತ್ತು.

"ಅಯ್ಯೋ ತಂಗೀ, ಎಂತ ಆತು? ಯಾವಾಗ ಆತು? ನಂಗೊಂದು ಮಾತು ಹೇಳೂಕೂ ಆಗ್ಲಿಲ್ಲಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವರು ಅಳುತ್ತಿದ್ದರು. "ಪರದೇಶದಲ್ಲಿ... ಹೆಣನಾದ್ರೂ ಊರಿಗೆ ಬಂತಾ?"

"ಇಲ್ಲ" ಅಂದೆ. ಅದಂತೂ ಸುಳ್ಳಲ್ಲ. ರಕ್ತ ತೆಗೆದು, ಹತ್ತಿ ಒತ್ತಿ ಹಿಡಿಯಿರಿ ಎಂದು ಹೇಳಿ ಸಣ್ಣ ಬಾಟಲಿಗೆ ಚೀಟಿ ಅಂಟಿಸಿದೆ.

ಪಿತೃಪಕ್ಷದಲ್ಲಿ ಅವರು ಮತ್ತೆ ಬಂದರು, ಈ ಸಲ ಪರೀಕ್ಷೆಗಲ್ಲ. ತಮ್ಮ ಗಂಡನಿಗೆ ಎಡೆ ಇಟ್ಟಾಗ ಪಕ್ಕದಲ್ಲಿ ಅವನಿಗೂ ಒಂದು ಎಲೆ ಇಟ್ಟರಂತೆ. ಯಾರೂ ಇಲ್ಲದವನು, ತನ್ನ ಕೈಯಿಂದ ಎರಡು ವರ್ಷ ಉಂಡವನು ಎಂದು.

"ನಮ್ಮವ್ರ ಎಲೆ ಕಾಗೆ ಮುಟ್ಟಿತು ತಂಗೀ. ಇವ್ರದ್ದರ ಹತ್ರ ಬಂದು ಹಾಗೇ ತಿರುಗಿ ಹೋತು. ಎಂತದೋ ಆಸೆ ಉಳ್ದಿದೆ. ಅಮಾಸೆ ದಿನ ಮತ್ತೆ ಇಡ್ತೆ, ನೀನೇ ಬಂದು ಒಂದು ಮಾತು ಕೊಡು."

ಬದುಕಿರುವವನ ಎಲೆಯನ್ನು ಕಾಗೆ ಏಕೆ ಮುಟ್ಟಬೇಕು! ನಿಜ ಹೇಳಲು ಬಾಯಿ ತೆರೆದೆ. ಆದರೆ ಹೇಳಿದರೆ ಆಯಮ್ಮ ಸುಮ್ಮನಿರುವವರಲ್ಲ. ಅವತ್ತೇ ಭಟ್ಕಳಕ್ಕೆ ಹೋಗಿ, ಅವನನ್ನು ಹುಡುಕಿ ಬೈದು, ನನ್ನ ಮುಂದೆ ತಂದು ನಿಲ್ಲಿಸುತ್ತಿದ್ದರು. ನನಗೆ ಬೇಕಾಗಿದ್ದದ್ದೂ ಅದೇ ಎಂದು ಗೊತ್ತಾಗಿ ಹೆದರಿಕೆಯಾಯಿತು. ಬರುತ್ತೇನೆ ಎಂದೆ.

ಅಮಾವಾಸ್ಯೆಯ ಮಧ್ಯಾಹ್ನ ಹೊನ್ನಾವರದ ಆ ಹಿತ್ತಿಲಿನಲ್ಲಿ, ಬಾವಿಕಟ್ಟೆಯ ಪಕ್ಕ ಎಲೆ ಹಾಸಿತ್ತು. ಅನ್ನ, ವಡೆ, ಪಾಯಸ, ಬಸಳೆ ಹುಳಿ. ಅವನಿಗೆ ಇಷ್ಟ ಎಂದು ಹುಳಿ ಜಾಸ್ತಿ ಬಡಿಸಿದ್ದರು. ಕಾಗೆ ತೆಂಗಿನ ಗರಿಯ ಮೇಲೆ ಕೂತಿತ್ತು, ಇಳಿಯಲಿಲ್ಲ.

"ಅವ್ರ ಆಸೆ ಎಂತದು ಅಂತ ನಿಂಗೇ ಗೊತ್ತಿರ್ತದೆ. ನಡೆಸಿಕೊಡ್ತೆ ಅಂತ ಹೇಳು" ಎಂದು ಓನರಮ್ಮ ನನ್ನ ಬೆನ್ನಿಗೆ ಕೈ ಇಟ್ಟರು.

ಕೈ ಮುಗಿದು ನಿಂತೆ. ಅವನ ಆಸೆ ಎಂತದು? ಎರಡು ವರ್ಷ ನಾನು ನನ್ನ ಆಸೆಯನ್ನೇ ಅವನದು ಎಂದುಕೊಂಡಿದ್ದೆ. ಅವನು ಫೋನು ಮಾಡದಿರುವುದು ನನ್ನ ಷರತ್ತಿಗಾಗಿ ಅಲ್ಲ, ನಾನಿಲ್ಲದೆಯೂ ಸುಮ್ಮನೆ ಆರಾಮಾಗಿ ಇದ್ದಾನೆ ಎಂದು ಅಲ್ಲಿ, ಆ ಎಲೆಯ ಮುಂದೆ ನನಗೆ ಹೊಳೆಯಿತು. ಬಹಳ ನೋವಾಯಿತು. ಎರಡು ವರ್ಷದಲ್ಲಿ ಅದೇ ಮೊದಲು.

"ಇನ್ನು ನಾನು ಫೋನು ಕಾಯೂದಿಲ್ಲ" ಅಂದೆ, ಓನರಮ್ಮನಿಗೂ ಕೇಳುವಷ್ಟು ದೊಡ್ಡದಾಗಿ.

ತುಸು ಹೊತ್ತಿಗೆ ಕಾಗೆ ಇಳಿದು ಬಂದು ವಡೆ ಕಚ್ಚಿಕೊಂಡು ಹೋಯಿತು. ಹಸಿದಿತ್ತೋ ಏನೋ. ಓನರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಮುಟ್ಟಿತು ನೋಡು. ಇನ್ನು ಅವ್ರಿಗೆ ನೆಮ್ಮದಿ" ಅಂದರು. ನನ್ನನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದರು. ಅದೇ ಬಸಳೆ ಹುಳಿ. ಎರಡು ಸಲ ಬಡಿಸಿಕೊಂಡೆ. ಆ ಹೊತ್ತಿಗೆ ಅವನು ಭಟ್ಕಳದಲ್ಲಿ ಯಾವುದೋ ಬೋಟಿನ ಎಂಜಿನ್ ಬಿಚ್ಚಿಕೊಂಡು ಕೂತಿರಬೇಕು, ಉಂಡಿದ್ದನೋ ಇಲ್ಲವೋ.

ಮರುದಿನ ಲ್ಯಾಬಿನಲ್ಲಿ ಫೋನು ಹೊಡೆದಾಗ ನಾನು ಏಳಲಿಲ್ಲ.